ಔಷಧ ಒಗ್ಗದ ಮಗುವಿಗೆ ಕಬ್ಬಿಣ ಕೊಡುವುದು ಹೇಗೆ?

ತಾಳವಾಡಿ ಸೀಮೆ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಕನ್ನಡದ ನೆಲ. ಒಂದು ಕಡೆ ಚಾಮರಾಜನಗರ, ಇನ್ನೊಂದು ಕಡೆ ದಿಂಬಂ ಘಟ್ಟದ 27 ತಿರುವು ಇಳಿದರೆ ಸತ್ಯಮಂಗಲ. ಮಗುವಿಗೆ ಕಾಯಿಲೆಯಾದರೆ ಇಲ್ಲಿನವರು ಎರಡು ರಾಜ್ಯಗಳ ಆಸ್ಪತ್ರೆಗಳಿಗೂ ಹೋಗುತ್ತಾರೆ. ಈ ಸೀಮೆಯ ಒಬ್ಬ ಅಂಗನವಾಡಿ ಟೀಚರ್‌ಗೂ ನಿವೃತ್ತ ಮಕ್ಕಳ ವೈದ್ಯೆಯೊಬ್ಬರಿಗೂ ನಡುವೆ ನಡೆದ ಮಾತುಕತೆ ಇದು.

ಟೀಚರ್: ಡಾಕ್ಟರಮ್ಮ, ನಮ್ಮ ಕೇಂದ್ರಕ್ಕೆ ಬರುವ ಒಂದು ಮಗುವಿನ ವಿಷಯ ಕೇಳಬೇಕಿತ್ತು. ಎರಡೂವರೆ ವರ್ಷದ ಗಂಡುಮಗು, 10 ಕಿಲೋ ತೂಕ. ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8.2 ಬಂತು. ಕಬ್ಬಿಣದ ಸಿರಪ್ ಕೊಡೋಣ ಅಂದ್ರೆ ತಾಯಿ ಒಪ್ತಿಲ್ಲ. ‘ನಮ್ಮ ಮಗೀಗೆ ಔಸ್ದ ಆಗ್ಬರದಿಲ್ಲ ಕಣಕ್ಕ, ಮೈಯೆಲ್ಲ ಗಂದೆ ಏಳ್ತದೆ’ ಅಂತಾಳೆ. ಬಲವಂತ ಮಾಡೋಕೆ ನನಗೂ ಭಯ.

ಡಾಕ್ಟರ್: ಭಯಪಟ್ಟು ನಿಲ್ಲಿಸಿದ್ದು ಸರಿ, ನಿಲ್ಲಿಸಿ ಸುಮ್ಮನಾದರೆ ತಪ್ಪು. ಆ ವಯಸ್ಸಿಗೆ ಹಿಮೋಗ್ಲೋಬಿನ್ ಕನಿಷ್ಠ 11 ಇರಬೇಕು. 7ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ, ಮಗುವನ್ನು ದೊಡ್ಡ ಆಸ್ಪತ್ರೆಗೇ ಕಳಿಸಬೇಕು. ಈ ಮಗು ನಡುವಿನಲ್ಲಿದೆ, ಚಿಕಿತ್ಸೆಗೆ ಸಮಯ ಇದೆ. ಆದರೆ ಕಬ್ಬಿಣದ ಕೊರತೆ ರಕ್ತವನ್ನು ಮಾತ್ರ ಕಾಡೋದಿಲ್ಲ, ಬೆಳೆಯುತ್ತಿರುವ ಮಿದುಳನ್ನೂ ಕಾಡುತ್ತೆ. ಎರಡು, ಮೂರು ವರ್ಷದ ವಯಸ್ಸಲ್ಲಿ ಕಳೆದುಕೊಂಡ ಕಲಿಕೆಯನ್ನು ಆಮೇಲೆ ಪೂರ್ತಿ ವಾಪಸ್ ತರೋದು ಕಷ್ಟ.

ಟೀಚರ್: ಮಗು ಸದಾ ಮಂಕಾಗಿ ಕೂತಿರುತ್ತೆ. ಗೋಡೆಯ ಮಣ್ಣು ಕೆರೆದು ತಿನ್ನುತ್ತೆ. ನಾವು ಚಾಳಿ ಅಂದುಕೊಂಡಿದ್ವಿ.

ಡಾಕ್ಟರ್: ಮಣ್ಣು, ಬಳಪ, ಸುಣ್ಣ ತಿನ್ನೋದು ಎಷ್ಟೋ ಸಲ ಕಬ್ಬಿಣದ ಕೊರತೆಯ ಲಕ್ಷಣವೇ. ಬೈದರೆ ಹೋಗಲ್ಲ, ಕಬ್ಬಿಣ ತುಂಬಿದರೆ ಹೋಗುತ್ತೆ. ಇದು ಒಂದು ಮನೆಯ ಕಥೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ದೇಶದಲ್ಲಿ ಶೇ. 67, ತಮಿಳುನಾಡಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 65ಕ್ಕೂ ಹೆಚ್ಚು. ಗಡಿಯ ಯಾವ ಕಡೆ ನೋಡಿದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು.

ಟೀಚರ್: ಹಾಗಾದರೆ ಈ ತಾಯಿಗೆ ಏನು ಹೇಳಲಿ?

ಡಾಕ್ಟರ್: ಹೇಳೋದಕ್ಕೆ ಮುಂಚೆ ಕೇಳು. ಯಾವ ಔಷಧ? ಯಾತಕ್ಕೆ ಕೊಟ್ಟಿದ್ದು? ಕುಡಿಸಿ ಎಷ್ಟು ಹೊತ್ತಿಗೆ ಏನಾಯಿತು? ಗಂದೆ ಎದ್ದಾಗ ಜ್ವರ ಇತ್ತಾ? ತುಟಿ, ಕಣ್ಣಿನ ರೆಪ್ಪೆ ಊದಿತಾ? ಉಸಿರಾಟಕ್ಕೆ ತೊಂದರೆ ಆಯಿತಾ? ಎಷ್ಟು ದಿನ ಇತ್ತು? ಆಮೇಲೆ ಅದೇ ಔಷಧ ಇನ್ನೊಮ್ಮೆ ಕೊಟ್ಟಿದ್ದರಾ?

ಟೀಚರ್: ಕೇಳಿದೆ. ಮೊದಲು ಜ್ವರ, ಕೆಮ್ಮು ಬಂದಾಗ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದರಂತೆ. ಮೂರನೇ ದಿನ ಮೈಮೇಲೆ ಕೆಂಪು ಗುಳ್ಳೆ ಎದ್ದವು. ಉಸಿರಿಗೆ ಏನೂ ಆಗಿಲ್ಲ. ಅದಾದ ಮೇಲೆ ಒಂದು ಕಬ್ಬಿಣದ ಟಾನಿಕ್ ಕುಡಿಸಿದಾಗ ವಾಂತಿ ಮಾಡಿಕೊಂಡಿತು, ಮಲ ಕಪ್ಪಾಯಿತು. ಅಲ್ಲಿಗೆ ಎಲ್ಲ ಔಷಧವೂ ನಿಂತುಹೋಯಿತು.

ಡಾಕ್ಟರ್: ನೋಡಮ್ಮ, ಇಲ್ಲಿ ಎರಡು ಬೇರೆ ಬೇರೆ ಘಟನೆ ಸೇರಿ ಒಂದೇ ತೀರ್ಪಾಗಿದೆ. ಮೊದಲನೆಯದು ತೆಗೆದುಕೋ. ಜ್ವರ ಬಂದ ಮಗುವಿಗೆ ವೈರಸ್ಸಿನಿಂದಲೇ ಮೈಮೇಲೆ ಗುಳ್ಳೆ ಏಳಬಹುದು. ಅದೇ ಹೊತ್ತಲ್ಲಿ ಬಾಯಲ್ಲಿ ಔಷಧ ಇತ್ತು ಅಂತ ತಪ್ಪು ಔಷಧದ ಮೇಲೆ ಬೀಳುತ್ತೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅಮಾಕ್ಸಿಸಿಲಿನ್ ಅಲರ್ಜಿ ಇರಬಹುದು ಅನ್ನಿಸಿದ್ದ 818 ಮಕ್ಕಳಿಗೆ ವೈದ್ಯರ ಕಣ್ಣೆದುರೇ ಅದೇ ಔಷಧ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ನೂರಕ್ಕೆ 94 ಮಕ್ಕಳಿಗೆ ಏನೂ ಆಗಲಿಲ್ಲ.

ಟೀಚರ್: ಹಾಗಾದರೆ ಮನೇಲೇ ಕೊಟ್ಟು ನೋಡಬಹುದಾ?

ಡಾಕ್ಟರ್: ಖಂಡಿತ ಬೇಡ. ಮಿಕ್ಕ ಆರು ಮಕ್ಕಳು ಯಾರು ಅಂತ ಮೊದಲೇ ಹೇಳೋಕಾಗಲ್ಲ. ಆ ಪರೀಕ್ಷೆ ಆಸ್ಪತ್ರೆಯಲ್ಲೇ ಆಗಬೇಕು. ಆದರೆ ಒಂದು ಮಾತು ಗಟ್ಟಿ: ಅಮಾಕ್ಸಿಸಿಲಿನ್ ನಿಜವಾಗಿಯೂ ಆಗದೇ ಇದ್ದರೂ ಅದಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ. ಒಂದು ಔಷಧಕ್ಕೆ ಮೈ ತಿರುಗಿಬಿತ್ತು ಅಂದ ಮಾತ್ರಕ್ಕೆ ಎಲ್ಲ ಔಷಧಕ್ಕೂ ಬಾಗಿಲು ಹಾಕಬೇಕಿಲ್ಲ.

ಟೀಚರ್: ಎರಡನೆಯದು? ಕಬ್ಬಿಣದ ಟಾನಿಕ್ಕಿಗೇ ವಾಂತಿ ಆಯಿತಲ್ಲ.

ಡಾಕ್ಟರ್: ಕಬ್ಬಿಣ ಹೊಟ್ಟೆಯ ಒಳಪದರವನ್ನು ಕೆಣಕುತ್ತೆ. ಓಕರಿಕೆ, ವಾಂತಿ, ಮಲಬದ್ಧತೆ, ಕೆಲವರಿಗೆ ಭೇದಿ, ಬಾಯಲ್ಲಿ ಲೋಹದ ರುಚಿ, ಹಲ್ಲಿನ ಮೇಲೆ ಕಪ್ಪು ಕಲೆ, ಇವೆಲ್ಲ ಅಡ್ಡ ಪರಿಣಾಮಗಳು. ಮಲ ಕಪ್ಪಾಗೋದಂತೂ ಹೀರದೆ ಉಳಿದ ಕಬ್ಬಿಣದ ಬಣ್ಣ, ಅದಕ್ಕೆ ಹೆದರಬೇಕಿಲ್ಲ. ಇವ್ಯಾವುದೂ ಅಲರ್ಜಿ ಅಲ್ಲ. ಅಲರ್ಜಿ ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಆ ಪದಾರ್ಥದ ಮೇಲೆ ತಿರುಗಿಬೀಳೋದು. ತುರಿಸುವ ಗಂದೆ, ಮುಖ ಊದೋದು, ಧ್ವನಿ ಕಟ್ಟೋದು, ಗೊರಗೊರ ಉಸಿರು, ಮಗು ಇದ್ದಕ್ಕಿದ್ದ ಹಾಗೆ ಬಿಳಿಚಿ ಸೋತು ಬೀಳೋದು. ತಕ್ಷಣದ ಅಲರ್ಜಿ ಸಾಮಾನ್ಯವಾಗಿ ನಿಮಿಷಗಳಲ್ಲಿ, ಇಲ್ಲವೇ ಒಂದೆರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತೆ. ಬಾಯಿಗೆ ಕೊಡುವ ಕಬ್ಬಿಣಕ್ಕೇ ಹೀಗಾಗೋದು ಬಲು ಅಪರೂಪ.

ಟೀಚರ್: ಅಪರೂಪ ಅಂದರೂ ಕೆಲವು ಮಕ್ಕಳಿಗೆ ಟಾನಿಕ್ ಕುಡಿಸಿದ ಕೂಡಲೇ ಗಂದೆ ಎದ್ದಿದ್ದು ಇದೆಯಂತಲ್ಲ?

ಡಾಕ್ಟರ್: ಇದೆ. ಅಂಥ ಕಡೆ ಬಾಟಲಿಯಲ್ಲಿ ಕಬ್ಬಿಣದ ಜೊತೆ ಇನ್ನೇನಿದೆ ಅಂತ ನೋಡಬೇಕು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಥರದ ಬಣ್ಣ, ಹಣ್ಣಿನ ಸುವಾಸನೆ, ಕೆಡದಂತೆ ಹಾಕುವ ಪ್ಯಾರಬೆನ್ ಅಥವಾ ಸೋಡಿಯಂ ಬೆಂಜೊಯೇಟ್, ಸಿಹಿಗೆ ಸಾರ್ಬಿಟಾಲ್. ಸಾರ್ಬಿಟಾಲ್ ಹೆಚ್ಚಾದರೆ ಭೇದಿ ಆಗುತ್ತೆ. ಬಣ್ಣಕ್ಕೋ ಸಂರಕ್ಷಕಕ್ಕೋ ಮಗುವಿನ ಮೈ ಒಗ್ಗದಿದ್ದರೆ ಬೇರೆ ಬೇರೆ ರೋಗಕ್ಕೆ ಕೊಟ್ಟ ಬೇರೆ ಬೇರೆ ಸಿರಪ್ಪಿಗೂ ಒಂದೇ ಥರ ಗಂದೆ ಏಳಬಹುದು. ‘ಎಲ್ಲ ಔಷಧವೂ ಆಗಲ್ಲ’ ಅನ್ನುವ ಮನೆಗಳಲ್ಲಿ ಇದನ್ನು ಮರೆಯದೆ ಹುಡುಕಬೇಕು. ಆ ಎಲ್ಲ ಬಾಟಲಿಗಳ ಚೀಟಿ ಮುಂದಿಟ್ಟುಕೊಂಡು ಯಾವುದು ಎಲ್ಲದರಲ್ಲೂ ಇದೆ ಅಂತ ನೋಡಿದರೆ ದಾರಿ ಸಿಗುತ್ತೆ.

ಟೀಚರ್: ಹಸುವಿನ ಹಾಲು ಆಗದ ಮಕ್ಕಳಿಗೆ?

ಡಾಕ್ಟರ್: ಒಳ್ಳೆ ಪ್ರಶ್ನೆ. ಐರನ್ ಪ್ರೊಟೀನ್ ಸಕ್ಸಿನೈಲೇಟ್ ಅನ್ನುವ ಒಂದು ಬಗೆಯ ಕಬ್ಬಿಣದ ಔಷಧ ಇದೆ. ಅದನ್ನು ಹಾಲಿನ ಕೇಸಿನ್ ಪ್ರೊಟೀನಿನಿಂದ ಮಾಡ್ತಾರೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಅದು ಅಪಾಯ. ಲ್ಯಾಕ್ಟೋಫೆರಿನ್ ಬೆರೆಸಿದ ಔಷಧವೂ ಸಾಮಾನ್ಯವಾಗಿ ಹಾಲಿನಿಂದ ಬಂದದ್ದೇ. ಫೆರಸ್ ಸಲ್ಫೇಟ್, ಫೆರಸ್ ಆಸ್ಕಾರ್ಬೇಟ್ ಇವುಗಳಲ್ಲಿ ಹಾಲಿನ ಪ್ರೊಟೀನ್ ಇರಲ್ಲ. ಹಾಗಾಗಿ ಆಹಾರದ ಅಲರ್ಜಿಯನ್ನೂ ವೈದ್ಯರಿಗೆ ಹೇಳಬೇಕು, ಔಷಧದ್ದು ಮಾತ್ರ ಹೇಳಿದರೆ ಸಾಲದು.

ಟೀಚರ್: ಇನ್ನೊಂದು ಮನೆಯಲ್ಲಿ ಬೇರೆ ಥರ ಹೇಳ್ತಾರೆ. ಔಷಧ ಕೊಟ್ಟ ಎರಡು ದಿನಕ್ಕೆ ಮಗುವಿನ ಕಣ್ಣು ಹಳದಿಯಾಗಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತ್ತಂತೆ.

ಡಾಕ್ಟರ್: ಆ ಮಾತನ್ನು ಕೇಳಿದ ಕ್ಷಣ ನಾನು ಅಲರ್ಜಿ ಅನ್ನುವ ಯೋಚನೆ ಬದಿಗಿಡ್ತೀನಿ. ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿದ್ದಾರೆ, ಹೆಚ್ಚಾಗಿ ಗಂಡುಮಕ್ಕಳು. ಅವರಿಗೆ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್, ಡ್ಯಾಪ್ಸೋನ್, ನೈಟ್ರೋಫ್ಯುರಾಂಟೋಯಿನ್ ಥರದ ಔಷಧ ಬಿದ್ದರೆ ಕೆಂಪು ರಕ್ತಕಣಗಳು ಒಡೆದುಹೋಗ್ತವೆ. ಬಟ್ಟೆಗೆ ಇಡುವ ನುಸಿಗುಳಿಗೆ ಬಾಯಿಗೆ ಹೋದರೂ ಹಾಗೇ ಆಗುತ್ತೆ. ಅಲ್ಲಿ ರಕ್ತ ಕಡಿಮೆಯಾಗಿದ್ದು ಕಣ ಒಡೆದದ್ದರಿಂದ, ಕಬ್ಬಿಣದ ಕೊರತೆಯಿಂದ ಅಲ್ಲ. ಆ ಮಗುವಿಗೆ ಜಿ6ಪಿಡಿ ಪರೀಕ್ಷೆ ಆಗಲೇಬೇಕು. ಬರಿ ‘ಅಲರ್ಜಿ’ ಅಂತ ಬರೆದು ಕಳಿಸಿದರೆ ನಿಜವಾದ ರೋಗ ಮುಚ್ಚಿಹೋಗುತ್ತೆ.

ಟೀಚರ್: ಅಂದರೆ ರಕ್ತ ಕಡಿಮೆ ಅಂದಕೂಡಲೇ ಕಬ್ಬಿಣ ಕೊಡಬಾರದು ಅಂತೀರಾ?

ಡಾಕ್ಟರ್: ನಮ್ಮ ಸೀಮೆಯಲ್ಲಿ ಅದನ್ನು ಒತ್ತಿ ಹೇಳಬೇಕು. ತಾಳವಾಡಿ, ಹಾಸನೂರು ಕಾಡಂಚಿನಲ್ಲಿ ಸೋಲಿಗರು, ಊರಾಳಿಗಳು ಇದ್ದಾರೆ. ಆ ಕಡೆ ಬಿಳಿಗಿರಿರಂಗನ ಬೆಟ್ಟ, ಈ ಕಡೆ ನೀಲಗಿರಿ. ಈ ಬೆಟ್ಟಗಳ ಆದಿವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ರೋಗ ಇದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿಯಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿ ಇದನ್ನು ಗುರುತಿಸಿ ಚಿಕಿತ್ಸೆ ಕೊಡುತ್ತಾ ಬಂದಿದೆ. ಗೂಡಲೂರಿನ ಅಶ್ವಿನಿ ಆಸ್ಪತ್ರೆಯದೂ ಅಂಥದೇ ಕೆಲಸ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಯೋಜನೆಯನ್ನೇ ಶುರು ಮಾಡಿತು. ಪದೇ ಪದೇ ಕೈಕಾಲು ನೋವು, ಕೈ ಕಾಲು ಬೆರಳ ಊತ, ಕಾಮಾಲೆ, ಗುಲ್ಮ ದೊಡ್ಡದಾಗೋದು ಇದ್ದರೆ ಸಿಕಲ್ ಸೆಲ್ ಅನ್ನು ಮೊದಲು ನೋಡಬೇಕು. ಕಬ್ಬಿಣದ ಕೊರತೆಯ ಹಾಗೆ ಥಲಸ್ಸೀಮಿಯಾದಲ್ಲೂ ರಕ್ತಕಣ ಸಣ್ಣದಾಗಿರುತ್ತೆ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಗುವಿನ ಮೈಯಲ್ಲಿ ಕಬ್ಬಿಣ ಆಗಲೇ ತುಂಬಿ ತುಳುಕುತ್ತಿರುತ್ತೆ, ಮತ್ತೆ ಕೊಟ್ಟರೆ ಗುಂಡಿಗೆ, ಯಕೃತ್ತಿಗೆ ಹಾನಿ.

ಟೀಚರ್: ಅದನ್ನು ಕಂಡುಹಿಡಿಯೋದು ಹೇಗೆ?

ಡಾಕ್ಟರ್: ಪೂರ್ಣ ರಕ್ತಕಣ ಎಣಿಕೆ ಮಾಡಿಸಿದರೆ ಅರ್ಧ ದಾರಿ ಗೊತ್ತಾಗುತ್ತೆ. ಕಬ್ಬಿಣದ ಕೊರತೆಯಲ್ಲಿ ಕಣಗಳು ಸಣ್ಣದಾಗಿ, ಬಿಳಿಚಿ, ಒಂದೊಂದು ಒಂದೊಂದು ಗಾತ್ರದಲ್ಲಿ ಇರ್ತವೆ. ಆಮೇಲೆ ಫೆರಿಟಿನ್. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಐದು ವರ್ಷದೊಳಗಿನ ಮಗುವಿಗೆ 12 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಖಚಿತ. ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತೆ, ಆಗ 30ನ್ನು ಗೆರೆಯಾಗಿ ಇಟ್ಟುಕೊಳ್ತಾರೆ. ಅನುಮಾನ ಇದ್ದರೆ ಹಿಮೋಗ್ಲೋಬಿನ್ ಬಗೆ ತಿಳಿಸುವ ಎಚ್‌ಪಿಎಲ್‌ಸಿ ಪರೀಕ್ಷೆ. ಔಷಧ ಒಗ್ಗದ ಇತಿಹಾಸ ಇರುವ ಮಗುವಿಗೆ ಈ ಪರೀಕ್ಷೆಗಳು ಇನ್ನೂ ಮುಖ್ಯ. ಬೇಡದ ಔಷಧ ಕೊಟ್ಟು ಹೊಸ ತೊಂದರೆ ತಂದುಕೊಳ್ಳಬಾರದಲ್ಲ.

ಟೀಚರ್: ಪರೀಕ್ಷೆಯಲ್ಲಿ ಕಬ್ಬಿಣದ ಕೊರತೆಯೇ ಅಂತ ಬಂತು ಅಂದುಕೊಳ್ಳಿ. ಮುಂದೆ?

ಡಾಕ್ಟರ್: ಈ ಮಗುವಿನಂಥವರಿಗೆ ಬಣ್ಣ, ಸುವಾಸನೆ ಆದಷ್ಟು ಕಡಿಮೆ ಇರುವ, ಒಳಗೆ ಏನೇನಿದೆ ಅಂತ ಪೂರ್ತಿ ಬರೆದಿರುವ ಔಷಧ ಆರಿಸ್ತೀವಿ. ಹಿಂದೆ ಗಂದೆ ಎದ್ದಿದ್ದರೆ ಮೊದಲ ಡೋಸ್ ಮನೇಲಿ ಬೇಡ. ಆಸ್ಪತ್ರೆಗೆ ಬೆಳಿಗ್ಗೆ ಬಂದು ವೈದ್ಯರ ಎದುರು ಮೊದಲು ಚೂರು ಕೊಟ್ಟು, ಕಾದು ನೋಡಿ, ಆಮೇಲೆ ಉಳಿದದ್ದು ಕೊಡೋದು. ಬಹುಪಾಲು ಮಕ್ಕಳಿಗೆ ಅಲ್ಲಿಗೇ ಸಮಸ್ಯೆ ಬಗೆಹರಿಯುತ್ತೆ. ತೀರಾ ಅಪರೂಪಕ್ಕೆ ಕಬ್ಬಿಣಕ್ಕೇ ಅಲರ್ಜಿ ಇದ್ದವರಿಗೂ ಬಿಂದುವಿನಷ್ಟರಿಂದ ಶುರುಮಾಡಿ ಮೆಲ್ಲಗೆ ಏರಿಸಿ ಮೈಯನ್ನು ಒಗ್ಗಿಸಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅದು ಅಲರ್ಜಿ ತಜ್ಞರ ಕೆಲಸ, ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ.

ಟೀಚರ್: ಬಾಯಿಗೆ ಬೇಡ, ಇಂಜೆಕ್ಷನ್ ಕೊಡಿಸಿಬಿಡೋಣ ಅಂತ ತಂದೆ ಹೇಳ್ತಾರೆ.

ಡಾಕ್ಟರ್: ಅದು ಸುಲಭದ ದಾರಿ ಅಲ್ಲ. ರಕ್ತನಾಳಕ್ಕೆ ಕೊಡುವ ಕಬ್ಬಿಣದಲ್ಲಿ ಅಲರ್ಜಿಯ ಅಪಾಯ ಬಾಯಿಗೆ ಕೊಡುವುದಕ್ಕಿಂತ ಹೆಚ್ಚು. ಹಳೆಯ ಐರನ್ ಡೆಕ್ಸ್ಟ್ರಾನ್‌ನಲ್ಲಿ ಇದು ದೊಡ್ಡ ಚಿಂತೆಯಾಗಿತ್ತು. ಈಗಿನ ಐರನ್ ಸುಕ್ರೋಸ್ ಥರದವು ಎಷ್ಟೋ ಸುರಕ್ಷಿತ. ಆದರೂ ಆಸ್ತಮಾ ಇದ್ದವರು, ಹಲವು ಔಷಧಗಳಿಗೆ ಅಲರ್ಜಿ ಇದ್ದವರು ಹೆಚ್ಚಿನ ಅಪಾಯದ ಗುಂಪಿಗೇ ಸೇರ್ತಾರೆ. ಕರುಳು ಕಬ್ಬಿಣ ಹೀರದೇ ಇದ್ದಾಗ, ಬಾಯಿಯ ಔಷಧ ಎಲ್ಲ ಬಗೆಯಲ್ಲೂ ಸೋತಾಗ ಮಾತ್ರ ಅದು. ಕೊಟ್ಟ ಮೇಲೆ ಕನಿಷ್ಠ ಅರ್ಧ ಗಂಟೆ ಮಗುವನ್ನು ಕಣ್ಣಲ್ಲಿಟ್ಟು ನೋಡಬೇಕು, ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಿರಬೇಕು.

ಟೀಚರ್: ಬಾಯಿಗೆ ಕೊಡುವ ಪ್ರಮಾಣ ಎಷ್ಟು?

ಡಾಕ್ಟರ್: ಚಿಕಿತ್ಸೆಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 3 ಮಿಲಿಗ್ರಾಂ ಕಬ್ಬಿಣ. 10 ಕಿಲೋ ಮಗುವಿಗೆ 30 ಮಿಲಿಗ್ರಾಂ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಯೋಜನೆಯ ಸಿರಪ್ಪಿನಲ್ಲಿ ಒಂದು ಎಂಎಲ್‌ಗೆ 20 ಮಿಲಿಗ್ರಾಂ ಕಬ್ಬಿಣ ಇರುತ್ತೆ. ರಕ್ತ ಕಡಿಮೆಯಾಗದಂತೆ ತಡೆಯೋಕೆ ವಾರಕ್ಕೆ ಎರಡು ಸಲ 1 ಎಂಎಲ್. ಚಿಕಿತ್ಸೆ ಅಂತಾದರೆ ಈ ಮಗುವಿಗೆ ದಿನಾ 1.5 ಎಂಎಲ್. ಅಂಗಡಿಯ ಸಿರಪ್ಪುಗಳ ಬಲ ಒಂದೊಂದು ಥರ. ಹಾಗಾಗಿ ಎಷ್ಟು ಚಮಚ ಅಂತ ಅಕ್ಕಪಕ್ಕದವರನ್ನು ಕೇಳಿ ಕೊಡಬಾರದು, ವೈದ್ಯರು ತೂಕ ನೋಡಿ ಬರೆದಷ್ಟೇ ಕೊಡಬೇಕು.

ಟೀಚರ್: ದಿನಕ್ಕೆ ಮೂರು ಹೊತ್ತಾ?

ಡಾಕ್ಟರ್: ಒಂದೇ ಹೊತ್ತು ಸಾಕು. ಅಮೆರಿಕದಲ್ಲಿ 9ರಿಂದ 48 ತಿಂಗಳ 80 ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ದಿನಕ್ಕೊಮ್ಮೆ ಕಿಲೋಗೆ 3 ಮಿಲಿಗ್ರಾಂ ಕೊಟ್ಟರು. ಅಗ್ಗದ ಫೆರಸ್ ಸಲ್ಫೇಟ್ ತೆಗೆದುಕೊಂಡ ಮಕ್ಕಳ ಹಿಮೋಗ್ಲೋಬಿನ್ 12 ವಾರದಲ್ಲಿ 7.9ರಿಂದ 11.9ಕ್ಕೆ ಏರಿತು. ರುಚಿ ಚೆನ್ನಾಗಿದೆ ಅಂತ ಮಾರುವ ಪಾಲಿಸ್ಯಾಕರೈಡ್ ಕಬ್ಬಿಣ ಅಷ್ಟು ಏರಿಸಲಿಲ್ಲ. ದುಬಾರಿ ಬಾಟಲಿಯೇ ಒಳ್ಳೆಯದು ಅಂತ ಬಡ ತಾಯಂದಿರು ಸಾಲ ಮಾಡಬೇಕಿಲ್ಲ.

ಟೀಚರ್: ಮತ್ತೆ ವಾಂತಿಯಾದರೆ?

ಡಾಕ್ಟರ್: ಚೂರು ತಿಂಡಿ ತಿನ್ನಿಸಿ ಕೊಡಲಿ. ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ಕೆಲವು ದಿನದಲ್ಲಿ ಪೂರ್ತಿಗೆ ಏರಿಸುವ ಕ್ರಮವೂ ಇದೆ. ಡ್ರಾಪರ್ ಅಥವಾ ಸಿರಿಂಜಲ್ಲಿ ಕೆನ್ನೆಯ ಒಳಬದಿಗೆ ಬಿಟ್ಟು ಮೇಲೆ ನೀರು ಕುಡಿಸಿದರೆ ಹಲ್ಲು ಕಪ್ಪಾಗಲ್ಲ. ಹಾಲು, ಟೀ ಜೊತೆ ಮಾತ್ರ ಬೇಡ, ನಡುವೆ ಎರಡು ಗಂಟೆ ಅಂತರ ಇರಲಿ. ಜ್ವರ, ಭೇದಿ ಇದ್ದ ದಿನಗಳಲ್ಲಿ ನಿಲ್ಲಿಸಿ ಆಮೇಲೆ ಮುಂದುವರಿಸಬಹುದು. ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ಔಷಧ ಹೊಟ್ಟೆಗೆ ಹೋಗುತ್ತಿದೆಯಾ, ರೋಗ ಬೇರೆಯಾ ಅಂತ ಮತ್ತೆ ನೋಡಬೇಕು. ಏರಿದ ಮೇಲೂ ನಿಲ್ಲಿಸಬಾರದು. ಮೈಯ ಕಬ್ಬಿಣದ ಕಣಜ ತುಂಬೋಕೆ ಆಮೇಲೂ ಎರಡು ಮೂರು ತಿಂಗಳು ಬೇಕು.

ಟೀಚರ್: ಬೇಗ ವಾಸಿಯಾಗಲಿ ಅಂತ ಜಾಸ್ತಿ ಕೊಡುವವರೂ ಇದ್ದಾರೆ.

ಡಾಕ್ಟರ್: ಕಬ್ಬಿಣ ಮಿತಿ ಮೀರಿದರೆ ವಿಷ. ಒಂದು ಕಿಲೋ ತೂಕಕ್ಕೆ 60 ಮಿಲಿಗ್ರಾಂ ದಾಟಿದರೆ ಪ್ರಾಣಕ್ಕೇ ಅಪಾಯ. 50 ಎಂಎಲ್‌ನ ಒಂದು ಸರ್ಕಾರಿ ಬಾಟಲಿಯಲ್ಲಿ 1000 ಮಿಲಿಗ್ರಾಂ ಇರುತ್ತೆ. ಬಸುರಿಯರಿಗೆ ಕೊಡುವ ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ. ಅಂಥ ಹತ್ತು ಮಾತ್ರೆಯನ್ನು ಈ ಮಗು ಮಿಠಾಯಿ ಅಂದುಕೊಂಡು ನುಂಗಿದರೆ ಉಳಿಸೋದು ಕಷ್ಟ. ಮಾತ್ರೆ, ಬಾಟಲಿ ಎರಡೂ ಮಗುವಿನ ಕೈಗೆ ಸಿಗದ ಎತ್ತರದಲ್ಲಿರಬೇಕು. ಕುಡಿದಿದೆ ಅಂತ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಟೀಚರ್: ಅಜ್ಜಿಯರು ಔಷಧವೇ ಬೇಡ, ರಾಗಿ, ಬೀಟ್‌ರೂಟ್ ಕೊಟ್ಟರೆ ಸಾಕು ಅಂತಾರೆ.

ಡಾಕ್ಟರ್: ಬೀಟ್‌ರೂಟಿನಲ್ಲಿ ಬಣ್ಣ ಇದೆ, ಕಬ್ಬಿಣ ಕಡಿಮೆ. ರಾಗಿ ಒಳ್ಳೆಯದೇ, ನೂರು ಗ್ರಾಂ ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂನಷ್ಟು ಕಬ್ಬಿಣ. ಹುರುಳಿಕಾಳಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು. ಆದರೆ ಕಾಳು, ಧಾನ್ಯದಲ್ಲಿರುವ ಫೈಟೇಟ್ ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತೆ, ಮೈ ಹೀರೋದು ಅಲ್ಪ ಪಾಲು. ಚಿಕಿತ್ಸೆಗೆ ಬೇಕಾದ ದಿನದ 30 ಮಿಲಿಗ್ರಾಂನ ಜಾಗವನ್ನು ಊಟ ಒಂದೇ ತುಂಬಲಾರದು. ಆದರೆ ರಕ್ತ ಏರಿದ ಮೇಲೆ ಮತ್ತೆ ಇಳಿಯದಂತೆ ಕಾಯೋದು ಊಟವೇ. ರಾಗಿಯನ್ನು ಮೊಳಕೆ ಬರಿಸಿ, ಹುರಿದು ಬೀಸಿದರೆ ಫೈಟೇಟ್ ಕಡಿಮೆಯಾಗುತ್ತೆ. ಹುರುಳಿಕಟ್ಟಿನ ಸಾರು, ನುಗ್ಗೆಸೊಪ್ಪು, ದಂಟಿನ ಸೊಪ್ಪಿನ ಉಪ್ಪೆಸರು ಮಾಡಿ ಮೇಲೆ ನಿಂಬೆರಸ ಹಿಂಡಲಿ. ನಮ್ಮ ಕಾಡಿನ ನೆಲ್ಲಿಕಾಯಿ ಇದೆಯಲ್ಲ, ಅದರ ಸಿ ಜೀವಸತ್ವ ಕಬ್ಬಿಣ ಹೀರೋಕೆ ನೆರವಾಗುತ್ತೆ. ಮಾಂಸ ತಿನ್ನುವ ಮನೆಯಾದರೆ ಕೋಳಿ, ಕುರಿಯ ಲಿವರ್ ಮೆತ್ತಗೆ ಬೇಯಿಸಿ ಆಗಾಗ ಕೊಡಲಿ. ಅದರ ಕಬ್ಬಿಣ ಸಲೀಸಾಗಿ ಮೈಗೆ ಹತ್ತುತ್ತೆ.

ಟೀಚರ್: ಈ ಮಗು ಊಟ ಬಿಟ್ಟು ಹಾಲು ಕುಡಿದೇ ಇರುತ್ತೆ. ಬೆಳಿಗ್ಗೆ ಟೀ ಬನ್ನು ಬೇರೆ.

ಡಾಕ್ಟರ್: ಅರ್ಧ ಕಾರಣ ಅಲ್ಲೇ ಇದೆ. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನಬಹುದು. ದಿನಕ್ಕೆ ಅರ್ಧ ಲೀಟರ್ ದಾಟಿದರೆ ಹೊಟ್ಟೆ ತುಂಬಿ ಊಟ ಹೋಗಲ್ಲ, ಇದ್ದ ಕಬ್ಬಿಣವೂ ಹೀರಲ್ಲ. ಒಂದು ವರ್ಷದ ಒಳಗೆ ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಿದರೆ ಕೆಲವು ಶಿಶುಗಳ ಕರುಳಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತೆ. ಟೀಯನ್ನಂತೂ ಮಕ್ಕಳಿಗೆ ಪೂರ್ತಿ ಬಿಡಿಸಬೇಕು. ಜಂತುಹುಳುವಿನ ಮಾತ್ರೆಯನ್ನು ವರ್ಷಕ್ಕೆ ಎರಡು ಸಲ ಮರೆಯದೆ ಕೊಡಿಸು, ಮಕ್ಕಳ ಕಾಲಿಗೆ ಚಪ್ಪಲಿ ಇರಲಿ. ಕೊಕ್ಕೆಹುಳು ಬರಿಗಾಲಿಂದಲೇ ಮೈಗೆ ಹೊಕ್ಕು ಕರುಳಲ್ಲಿ ರಕ್ತ ಹೀರುತ್ತೆ.

ಟೀಚರ್: ನಮ್ಮ ಇನ್ನೊಂದು ಕಷ್ಟ ನಿಮಗೆ ಗೊತ್ತೇ ಇದೆ. ತಾಯಂದಿರು ಓದೋದು ಕನ್ನಡ. ಬಾಟಲಿ ಮೇಲೆ ಇಂಗ್ಲಿಷು, ಆಸ್ಪತ್ರೆಯ ಚೀಟಿಯಲ್ಲಿ ತಮಿಳು. ಒಂದು ಸಲ ಚಾಮರಾಜನಗರ, ಇನ್ನೊಂದು ಸಲ ಸತ್ಯಮಂಗಲ. ಅಲ್ಲಿ ಏನು ಕೊಟ್ಟರು ಅಂತ ಇಲ್ಲಿಗೆ ಗೊತ್ತಾಗಲ್ಲ.

ಡಾಕ್ಟರ್: 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಆ ಗೆರೆ ಮಗುವಿನ ಚಿಕಿತ್ಸೆಯನ್ನೂ ಎರಡು ತುಂಡು ಮಾಡಬಾರದು. ಅದಕ್ಕೆ ದಾರಿ ನಿನ್ನ ಕೈಯಲ್ಲೇ ಇದೆ. ಮಗುವಿನ ತಾಯಿ-ಮಗು ಕಾರ್ಡಿನ ಮೊದಲ ಪುಟದಲ್ಲಿ ಔಷಧದ ಮೂಲ ಹೆಸರು, ಕೊಟ್ಟ ತಾರೀಖು, ಎಷ್ಟು ಹೊತ್ತಿಗೆ ಏನಾಯಿತು, ಹೇಗೆ ವಾಸಿಯಾಯಿತು, ಇಷ್ಟನ್ನು ಕನ್ನಡದಲ್ಲಿ ಬರೆ, ನರ್ಸಮ್ಮನ ಕೈಲಿ ತಮಿಳಲ್ಲೂ ಬರೆಸು. ಬಾಟಲಿಯ ಚೀಟಿ ಹರಿದು ಎಸೆಯದೆ ಅಲ್ಲೇ ಅಂಟಿಸು. ಗಂದೆಯ ಫೋಟೋ ಮೊಬೈಲಲ್ಲಿ ತೆಗೆದಿಡಲಿ. ‘ಔಷಧ ಆಗಲ್ಲ’ ಅಂತ ಮಾತ್ರ ಬರೆದರೆ ಮುಂದಿನ ವೈದ್ಯರಿಗೆ ಏನೂ ತಿಳಿಯಲ್ಲ. ಈ ನಾಲ್ಕು ಸಾಲು ಇದ್ದರೆ ಅವರು ಧೈರ್ಯವಾಗಿ ಚಿಕಿತ್ಸೆ ಮಾಡ್ತಾರೆ.

ಟೀಚರ್: ನಿಜವಾದ ಅಲರ್ಜಿ ಕಾಣಿಸಿಕೊಂಡರೆ?

ಡಾಕ್ಟರ್: ಮುಖ ಊದಿ ಉಸಿರು ಕಟ್ಟಿದರೆ ಮನೆಮದ್ದಿಗೆ ಹೊತ್ತು ಕಳೆಯಬಾರದು. ಆ ಔಷಧ ನಿಲ್ಲಿಸಿ, ಮಗುವನ್ನು ಅಂಗಾತ ಮಲಗಿಸಿ. ಉಸಿರಾಟ ಕಷ್ಟವಾದರೆ ಕೂರಿಸಿಕೊಳ್ಳಲಿ. 108ಕ್ಕೆ ಕರೆ ಮಾಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲು ಹೋಗಿ. ಜೀವ ಉಳಿಸೋದು ತೊಡೆಗೆ ಕೊಡುವ ಅಡ್ರಿನಲಿನ್. ಅದನ್ನು ಹಾಕಿಸಿಕೊಂಡ ಮೇಲೆ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಬೇಕು. ಮುಂದೆ ಆ ಔಷಧದ ಹೆಸರು ಮಗುವಿನ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಇರಬೇಕು.

ಟೀಚರ್: ನಾಳೆ ಆ ತಾಯಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗ್ತೀನಿ. ಹಳೇ ಬಾಟಲಿಗಳೂ ಮನೇಲಿವೆಯಂತೆ.

ಡಾಕ್ಟರ್: ಎಲ್ಲವನ್ನೂ ತೆಗೆದುಕೊಂಡು ಹೋಗು. ಅವಳನ್ನು ಬೈಯಬೇಡ, ಮಗುವಿಗೆ ಹೆದರಿ ನಿಲ್ಲಿಸಿದ್ದಾಳೆ ಅಷ್ಟೇ. ನಿನ್ನಂಥ ಎಲ್ಲ ಟೀಚರುಗಳಿಗೂ, ತಾಯಂದಿರಿಗೂ ನಾನು ಕೇಳಿಕೊಳ್ಳೋದು ಇಷ್ಟು: ಮಗುವಿಗೆ ಯಾವ ಔಷಧ ಒಗ್ಗಲಿಲ್ಲವೋ ಅದರ ಹೆಸರು ಬರೆದಿಡಿ, ರಕ್ತ ಯಾಕೆ ಕಡಿಮೆಯಾಗಿದೆ ಅಂತ ಪರೀಕ್ಷೆ ಮಾಡಿಸಿ, ಕಬ್ಬಿಣದ ಕೊರತೆ ಅಂತ ಖಚಿತವಾದರೆ ಮಗುವಿಗೆ ಒಗ್ಗುವ ಕಬ್ಬಿಣ ಸಿಗುವವರೆಗೆ ವೈದ್ಯರನ್ನು ಬಿಡಬೇಡಿ. ಅಲರ್ಜಿ ಇರುವ ಮಗುವಿನ ರಕ್ತವನ್ನೂ ಏರಿಸಬಹುದು.